ಹಳೆಯ ಜಲನಿರೋಧಕ ಕ್ಯಾಮೆರಾ: ಬದಲಿಸಬೇಕೇ, ಇಟ್ಟುಕೊಳ್ಳಬೇಕೇ?



ಕಿರುತೆರೆಯ ಮಾತುಕತೆಯಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ತೋರಿಸಬಹುದು, ಅದರ ಬಾಗಿಲು ತೆಗೆದು ರಬ್ಬರಿನ ಬಳೆಯನ್ನು ತೋರಿಸಬಹುದು, ಬೇಕಾದರೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಯೂ ತೋರಿಸಬಹುದು. ಆದರೆ ಲೆಕ್ಕ ಹಾಕಿ, ಕಾರಣ ಬಿಡಿಸಿ ಹೇಳಲು ಅಲ್ಲಿ ಸಮಯ ಸಾಲದು. ಆ ಕೆಲಸಕ್ಕೆ ಅಚ್ಚಿನ ಪುಟವೇ ಸರಿ. ಆದ್ದರಿಂದ ಒಂದು ಮನೆಯ ಕಥೆಯಿಂದಲೇ ಪ್ರಾರಂಭಿಸುತ್ತೇನೆ.

ನನ್ನ ತಂಗಿಯ ಮಗಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಮಳೆಗಾಲದಲ್ಲಿ ಅವಳ ತರಗತಿಯವರು ಅಧ್ಯಾಪಕರ ಜೊತೆಯಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಉತ್ತರ ಕನ್ನಡದ ಘಟ್ಟದ ಹಳ್ಳಗಳಿಗೆ ಕಪ್ಪೆ ನೋಡಲು ಹೋಗುವುದೆಂದು ನಿರ್ಧಾರವಾಯಿತು. ಮುಖ್ಯ ಆಕರ್ಷಣೆ ಕುಂಬಾರ ಕಪ್ಪೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ ಈ ಕಪ್ಪೆಯ ಶಾಸ್ತ್ರೀಯ ಹೆಸರಿನಲ್ಲೂ 'ಕುಂಬಾರ' ಎಂಬ ನಮ್ಮ ಮಾತೇ ಇದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಹಳ್ಳದ ತಳದಿಂದ ಕೆಸರು ತಂದು, ಮುಂಗಾಲುಗಳಿಂದ ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಇದು ನಡೆಯುವುದು ರಾತ್ರಿ, ಮಳೆಯಲ್ಲಿ, ಹರಿಯುವ ನೀರಿನ ಅಂಚಿನಲ್ಲಿ. ಅಂಥ ಜಾಗಕ್ಕೆ ಸಾಮಾನ್ಯ ಕ್ಯಾಮೆರಾ ಒಯ್ಯುವ ಹಾಗಿಲ್ಲ.

ನಮ್ಮ ಮನೆಯಲ್ಲಿ ಒಂದು ಗಟ್ಟಿಮುಟ್ಟಾದ, ನೀರಿಗೆ ಜಗ್ಗದ ಪುಟ್ಟ ಕ್ಯಾಮೆರಾ ಇದೆ. 2015ರಲ್ಲಿ ಬಂದ ಒಲಿಂಪಸ್ ಟಿಜಿ-4. ಅದನ್ನು ಕೈಗೆತ್ತಿಕೊಂಡು ನೋಡಿದ ಹುಡುಗಿ, "ಮಾಮ, ಇದು ತುಂಬಾ ಹಳೇದಾಯ್ತು. ಹೊಸದೊಂದು ತಗೊಳ್ಳೋಣ್ವಾ?" ಎಂದಳು.

"ಹಳೇದಾಗಿರೋದು ಯಾವುದಮ್ಮ, ಕ್ಯಾಮೆರಾನೋ, ಅದರ ರಬ್ಬರೋ?" ಎಂದು ಕೇಳಿದೆ.

ತಮಾಷೆಗೆ ಕೇಳಿದ ಪ್ರಶ್ನೆ ಅದಲ್ಲ. ಇಡೀ ವಿಷಯ ಅಡಗಿರುವುದೇ ಅಲ್ಲಿ. ಹೊಸ ಮಾದರಿ ಹಳೆಯದಕ್ಕಿಂತ ಎಷ್ಟು ಉತ್ತಮ ಎಂದು ನಾವೆಲ್ಲರೂ ಮೊದಲು ಕೇಳುತ್ತೇವೆ. ಜಲನಿರೋಧಕ ಕ್ಯಾಮೆರಾದ ವಿಷಯದಲ್ಲಿ ಮೊದಲು ಕೇಳಬೇಕಾದದ್ದು, ನನ್ನ ಕೈಯಲ್ಲಿರುವುದು ಇನ್ನೂ ಜಲನಿರೋಧಕವಾಗಿ ಉಳಿದಿದೆಯೇ ಎಂಬುದು. ಮಸೂರಕ್ಕೆ ಹತ್ತು ವರ್ಷವಾದರೂ ಅದು ಮೊದಲ ದಿನದಂತೆಯೇ ಚಿತ್ರ ತೆಗೆಯಬಲ್ಲದು. ರಬ್ಬರು ಹಾಗಲ್ಲ.

ನೀರಿನ ತೂಕ

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ ಎಂದು ನೀವು ಪ್ರೌಢಶಾಲೆಯಲ್ಲೇ ಓದಿದ್ದೀರಿ. ಒಂದು ವಾಯುಮಂಡಲವೆಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕ. ಟಿಜಿ-4ನ್ನು 15 ಮೀಟರ್ ಆಳದವರೆಗೆ ಒಯ್ಯಬಹುದು ಎಂದು ತಯಾರಕರು ಹೇಳುತ್ತಾರೆ. ಅದರ ಹಿಂಬದಿಯ ಪರದೆ ಮೂರು ಅಂಗುಲದ್ದು; ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ಅಂದರೆ 15 ಮೀಟರ್ ಆಳದಲ್ಲಿ ಆ ಪರದೆಯೊಂದರ ಮೇಲೆಯೇ ಬೀಳುವ ಹೆಚ್ಚುವರಿ ಭಾರ ಸುಮಾರು 42 ಕಿಲೋಗ್ರಾಂ! ಒಬ್ಬ ಕಾಲೇಜು ಹುಡುಗಿ ಆ ಗಾಜಿನ ಮೇಲೆ ನಿಂತಂತೆ. ಮೊಣಕಾಲುದ್ದ ಹಳ್ಳದಲ್ಲಿ, ಅಂದರೆ ಅರ್ಧ ಮೀಟರ್ ನೀರಿನಲ್ಲಿ, ಅದೇ ಪರದೆಯ ಮೇಲಿನ ಭಾರ ಒಂದೂವರೆ ಕಿಲೋಗ್ರಾಂ ಕೂಡ ಆಗುವುದಿಲ್ಲ.

ಈ ಎರಡು ಸಂಖ್ಯೆಗಳನ್ನು ನೆನಪಿಡಿ. 'ನೀರಿಗೆ ಒಯ್ಯುವುದು' ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಇಷ್ಟು ಅಂತರವಿದೆ.

ಇನ್ನೊಂದು ಮಾತು. ನೀರಿಗೆ ಇಳಿಯುವುದು ಬೇರೆ, ಹಾರುವುದು ಬೇರೆ. ಮೂರು ಮೀಟರ್ ಎತ್ತರದ ಬಂಡೆಯಿಂದ ಕ್ಯಾಮೆರಾ ಹಿಡಿದುಕೊಂಡು ಧುಮುಕಿದರೆ, ನೀರಿಗೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು 7.7 ಮೀಟರ್. ಆಗ ಎದುರಿನ ಮೇಲ್ಮೈಯ ಮೇಲೆ ಬೀಳುವ ಒತ್ತಡ ಮೂರು ಮೀಟರ್ ಆಳದ ಒತ್ತಡಕ್ಕಿಂತ ಕಡಿಮೆ ಇರುವುದಿಲ್ಲ. ಬಡಿದ ಕ್ಷಣದಲ್ಲಿ ಅದಕ್ಕಿಂತಲೂ ಹೆಚ್ಚು. ಬರ್ನೌಲಿಯ ಸೂತ್ರ ಓದಿರುವವರು ತಾವೇ ಲೆಕ್ಕ ಹಾಕಿ ನೋಡಬಹುದು.

ಈ ಒತ್ತಡವನ್ನು ತಡೆಯುವುದು ಯಾವುದು? ಬ್ಯಾಟರಿ ಮತ್ತು ಕಾರ್ಡಿನ ಬಾಗಿಲಿನ ಸುತ್ತ ಇರುವ ತೆಳುವಾದ ರಬ್ಬರಿನ ಬಳೆ, ಅಂದರೆ ಗ್ಯಾಸ್ಕೆಟ್. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಎಲ್ಲರಿಗೂ ಗೊತ್ತು. ಹೊಸದಾಗಿ ತಂದಾಗ ಮೆತ್ತಗೆ, ದುಂಡಗೆ ಇರುತ್ತದೆ. ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ. ವರ್ಷಾನುಗಟ್ಟಲೆ ಒತ್ತಿಸಿಕೊಂಡ ಮೇಲೆ ಅದು ಚಪ್ಪಟೆಯಾಗಿ, ಗಡುಸಾಗಿ, ಮೇಲೇಳುವುದನ್ನೇ ಮರೆಯುತ್ತದೆ. ಆಗ ಅಡುಗೆಮನೆಯಲ್ಲಿ ಏನು ಮಾಡುತ್ತೇವೆ? ಕುಕ್ಕರ್ ಬಿಸಾಡುವುದಿಲ್ಲ; ಗ್ಯಾಸ್ಕೆಟ್ ಬದಲಿಸುತ್ತೇವೆ. ಒಲಿಂಪಸ್‌ನ ಕೈಪಿಡಿಯೂ ಜಲನಿರೋಧಕ ಬಳೆಯನ್ನು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದೆಂದು ಸಲಹೆ ಕೊಡುತ್ತದೆ. ಕೈಪಿಡಿಯ ಆ ಪುಟವನ್ನು ಓದಿದವರು ಕಡಿಮೆ, ಓದಿ ಬದಲಿಸಿದವರು ಇನ್ನೂ ಕಡಿಮೆ. ನಾನೂ ಬದಲಿಸಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಕುಕ್ಕರಿಗೂ ಕ್ಯಾಮೆರಾಕ್ಕೂ ಒಂದು ವ್ಯತ್ಯಾಸವಿದೆ. ಕ್ಯಾಮೆರಾದಲ್ಲಿ ಬಾಗಿಲಿನದು ಮಾತ್ರವಲ್ಲ, ಪ್ರತಿ ಗುಂಡಿಯ ಕೆಳಗೆ, ಮಸೂರದ ಮುಂದಿನ ಗಾಜಿನ ಸುತ್ತ, ಧ್ವನಿ ಹಿಡಿಯುವ ತೂತಿನ ಒಳಗೆ, ಹೀಗೆ ಎಲ್ಲೆಲ್ಲೂ ನೀರು ತಡೆಯುವ ಏರ್ಪಾಡು ಇರುತ್ತದೆ. ಅವು ನಮ್ಮ ಕಣ್ಣಿಗೆ ಕಾಣುವುದಿಲ್ಲ, ನಾವು ಬದಲಿಸುವಂಥವೂ ಅಲ್ಲ. ಕ್ಯಾಮೆರಾ ಎರಡು ಮೀಟರ್ ಎತ್ತರದಿಂದ ಬಿದ್ದರೂ ಒಡೆಯುವುದಿಲ್ಲ ಎಂದು ತಯಾರಕರು ಹೇಳುವುದು ನಿಜವೇ. ಆದರೆ ಹಾಗೆ ಬಿದ್ದ ಮೇಲೂ ಅದು ನೀರು ತಡೆಯುತ್ತದೆ ಎಂದು ಅವರು ಭರವಸೆ ಕೊಡುವುದಿಲ್ಲ. ಜಾಹೀರಾತಿನಲ್ಲಿ ಎರಡೂ ಮಾತು ಅಕ್ಕಪಕ್ಕದಲ್ಲಿ ಇರುವುದರಿಂದ ನಾವು ಕೂಡಿಸಿ ಓದಿಕೊಳ್ಳುತ್ತೇವೆ.

ಒಂದು ಮರಳಿನ ಕಣ

ಇದಕ್ಕೂ ಮೊದಲು ನನ್ನಲ್ಲಿ ಬೇರೊಂದು ಕಂಪನಿಯ ಜಲನಿರೋಧಕ ಕ್ಯಾಮೆರಾ ಇತ್ತು. 2011ರ ಡಿಸೆಂಬರಿನಲ್ಲಿ ಅಮ್ಮನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದೆ. ತುಮಕೂರು ಕಡೆಯ ಬಯಲುಸೀಮೆಯವರು. ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸಮುದ್ರ ನೋಡಿದರು. ಸೆರಗು ಎತ್ತಿ ಹಿಡಿದು, ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ನಗುತ್ತಿದ್ದರು. ನಾಲ್ಕಾರು ಚಿತ್ರ ತೆಗೆಯುವಷ್ಟರಲ್ಲಿ ಬ್ಯಾಟರಿ ಮುಗಿಯಿತು. ಅಲ್ಲೇ ದಡದ ಮೇಲೆ ಕುಳಿತು, ಒದ್ದೆ ಕೈಯಲ್ಲಿ ಬಾಗಿಲು ತೆರೆದು ಬೇರೆ ಬ್ಯಾಟರಿ ಹಾಕಿ ಮುಚ್ಚಿದೆ. ಮತ್ತೆ ನೀರಿಗೆ ಇಳಿದು ಐದು ನಿಮಿಷವಾಗಿರಬಹುದು, ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಬಾಗಿಲು ತೆರೆದರೆ ಒಳಗೆ ಒಂದು ಚಮಚದಷ್ಟು ಉಪ್ಪುನೀರು. ಗ್ಯಾಸ್ಕೆಟ್ಟಿನ ಮೇಲೆ ಒಂದೇ ಒಂದು ಮರಳಿನ ಕಣ ಅಂಟಿಕೊಂಡಿತ್ತು.

ತಪ್ಪು ಕ್ಯಾಮೆರಾದ್ದಲ್ಲ, ನನ್ನದು. ಊರಿಗೆ ಬಂದ ಮೇಲೆ ಯಾರೋ ಹೇಳಿದರೆಂದು ಎರಡು ದಿನ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಅಕ್ಕಿ ಹೆಚ್ಚೆಂದರೆ ಒಂದಿಷ್ಟು ತೇವ ಹೀರಬಹುದು. ಒಳಗಿನ ತಾಮ್ರದ ಗೆರೆಗಳ ಮೇಲೆ ಕುಳಿತ ಉಪ್ಪನ್ನು ಹೀರುವುದಿಲ್ಲ. ಕ್ಯಾಮೆರಾ ಮತ್ತೆ ಕಣ್ಣು ಬಿಡಲಿಲ್ಲ. ಆದರೆ ಮೆಮೊರಿ ಕಾರ್ಡನ್ನು ಅಂದೇ ಹೊರಗೆ ತೆಗೆದು, ಕುಡಿಯುವ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿದ್ದೆ. ಅದು ಬದುಕಿತು. ಅಮ್ಮ ಸಮುದ್ರದಲ್ಲಿ ನಿಂತ ಆ ನಾಲ್ಕಾರು ಚಿತ್ರಗಳು ಈಗ ಮನೆಯ ಗೋಡೆಯ ಮೇಲಿವೆ. ನಿಮಗೂ ಎಂದಾದರೂ ಇಂಥ ಸಂದರ್ಭ ಬಂದರೆ ಮೊದಲು ಬ್ಯಾಟರಿಯನ್ನೂ ಕಾರ್ಡನ್ನೂ ಹೊರಗೆ ತೆಗೆಯಿರಿ. ಕ್ಯಾಮೆರಾದ ಗುಂಡಿ ಒತ್ತಿ 'ಕೆಲಸ ಮಾಡುತ್ತದೆಯೇ' ಎಂದು ಪರೀಕ್ಷಿಸಲು ಮಾತ್ರ ಹೋಗಬೇಡಿ.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ನೀರಿನ ಹತ್ತಿರ ಬಾಗಿಲು ತೆರೆಯುವುದಿಲ್ಲ. ತುಂಬಿದ ಬ್ಯಾಟರಿ, ಖಾಲಿ ಕಾರ್ಡು ಮನೆಯಲ್ಲೇ ಹಾಕಿ, ಬಳೆಯ ಮೇಲೆ ಕೂದಲೆಳೆ, ಬಟ್ಟೆಯ ನೂಲು, ಧೂಳು ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ ಮುಚ್ಚುತ್ತೇನೆ. ಸಮುದ್ರಕ್ಕೆ ಹೋಗಿ ಬಂದರೆ, ಬಾಗಿಲು ಮುಚ್ಚಿದಂತೆಯೇ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕುತ್ತೇನೆ. ಉಪ್ಪು ಹರಳುಗಟ್ಟಲು ಬಿಡಬಾರದು. ಸಾಬೂನು, ಸ್ಪಿರಿಟ್, ಸೊಳ್ಳೆ ಓಡಿಸುವ ಮುಲಾಮು ರಬ್ಬರಿಗೆ ಆಗಿಬರುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಡುವುದಂತೂ ಬೇಡವೇ ಬೇಡ.

ಈಗ ತಂಗಿಯ ಮಗಳ ಪ್ರಶ್ನೆಗೆ ಬರೋಣ. ಹತ್ತು ವರ್ಷದ ಕ್ಯಾಮೆರಾ ನೀರು ತಡೆಯುತ್ತದೆಯೇ ಎಂದು ತಿಳಿಯುವುದು ಹೇಗೆ? ನಾವು ಮಾಡಿದ್ದು ಇಷ್ಟು. ಬ್ಯಾಟರಿ ಮತ್ತು ಕಾರ್ಡು ತೆಗೆದೆವು. ಆ ಖಾಲಿ ಜಾಗದಲ್ಲಿ ಒಣಗಿದ ಟಿಶ್ಯೂ ಕಾಗದದ ತುಂಡನ್ನು ಮಡಚಿ ಇಟ್ಟು, ಅದರ ಅಂಚು ರಬ್ಬರಿಗೆ ತಾಗದಂತೆ ನೋಡಿಕೊಂಡು ಬಾಗಿಲು ಮುಚ್ಚಿದೆವು. ಬಕೆಟ್ಟಿನಲ್ಲಿ ತಣ್ಣೀರು ತುಂಬಿ ಕ್ಯಾಮೆರಾವನ್ನು ತಳಕ್ಕೆ ಇಳಿಸಿದೆವು. ಮೇಲ್ಮೈಗೆ ಅಂಟಿಕೊಂಡ ಒಂದೆರಡು ಗುಳ್ಳೆ ಏಳುವುದು ಸಹಜ. ಒಂದೇ ಜಾಗದಿಂದ ಸಾಲಾಗಿ ಗುಳ್ಳೆ ಬಂದರೆ ಅಪಾಯ. ಅರ್ಧ ಗಂಟೆಯ ನಂತರ ತೆಗೆದು, ಹೊರಮೈಯನ್ನು ಚೆನ್ನಾಗಿ ಒರೆಸಿ, ಬಾಗಿಲು ಕೆಳಮುಖವಾಗಿ ಹಿಡಿದು ತೆರೆದೆವು. ಕಾಗದ ಒಣಗಿಯೇ ಇತ್ತು.

ಇದರಿಂದ ಏನು ಸಿದ್ಧವಾಯಿತು? ಕ್ಯಾಮೆರಾದ ಬಾಗಿಲು, ಇಂದು, ಒಂದಡಿ ನೀರನ್ನು ಅರ್ಧ ಗಂಟೆ ತಡೆಯಿತು ಎಂಬುದಷ್ಟೇ. ಹದಿನೈದು ಮೀಟರಿಗೆ ಇದು ಸಾಕ್ಷಿಯಲ್ಲ. ಗುಂಡಿಗಳ ಕೆಳಗಿನ ರಬ್ಬರಿನ ಬಗ್ಗೆ ಈ ಕಾಗದ ಏನನ್ನೂ ಹೇಳುವುದಿಲ್ಲ. ಮಸೂರದ ಒಳಗಡೆ ಮಂಜು ಕಟ್ಟಿ ಬೇಗ ಹೋಗದಿದ್ದರೆ ಎಲ್ಲೋ ತೇವ ನುಗ್ಗುತ್ತಿದೆ ಎಂದು ಅನುಮಾನಪಡಬೇಕು. ನಮ್ಮದರಲ್ಲಿ ಅದೂ ಇರಲಿಲ್ಲ. ಮಳೆಗೆ, ಮೊಣಕಾಲುದ್ದ ಹಳ್ಳಕ್ಕೆ ಇಷ್ಟು ಸಾಕ್ಷಿ ಸಾಕು ಎಂದು ನಾನು ತೀರ್ಮಾನಿಸಿದೆ. ಅವಳು ನೇತ್ರಾಣಿ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗಲು ಹೊರಟಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು.

ಹೊಸ ಮಾದರಿ ಕೊಡುವುದೇನು?

ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರ ಜನವರಿಯಲ್ಲಿ ಬೇರೆ ಸಂಸ್ಥೆಯ ಕೈ ಸೇರಿ, ಅದರ ಕ್ಯಾಮೆರಾಗಳು ಈಗ ಓಎಂ ಸಿಸ್ಟಂ ಎಂಬ ಹೆಸರಿನಲ್ಲಿ ಬರುತ್ತಿವೆ. ಟಿಜಿ-4ರ ನಂತರ 2017ರಲ್ಲಿ ಟಿಜಿ-5, 2019ರಲ್ಲಿ ಟಿಜಿ-6, 2023ರಲ್ಲಿ ಟಿಜಿ-7 ಬಂದವು. ಅಮೆರಿಕದಲ್ಲಿ ಟಿಜಿ-4 ಬಂದಾಗ ಅದರ ಬೆಲೆ ಸುಮಾರು 380 ಡಾಲರ್. ಟಿಜಿ-7 ಬಂದಾಗ ಅದರದು ಸುಮಾರು 550 ಡಾಲರ್ ಇತ್ತು. ನಮ್ಮಲ್ಲಿಗೆ ತರಿಸಿಕೊಂಡರೆ ಸುಂಕವೂ ಸೇರುತ್ತದೆ. ಒಬ್ಬ ವಿದ್ಯಾರ್ಥಿನಿಯ ಮನೆಗೆ ಇದು ಸಣ್ಣ ಮೊತ್ತವಲ್ಲ. ನನ್ನ ತಂಗಿ ಲೆಕ್ಕ ಹಾಕಿ, "ಇದು ಅವಳ ಹಾಸ್ಟೆಲ್ಲಿನ ಎಷ್ಟು ತಿಂಗಳ ಊಟ ಗೊತ್ತಾ ಅಣ್ಣ?" ಎಂದಳು. ಹಾಗಾದರೆ ಆ ಹಣಕ್ಕೆ ಸಿಗುವುದೇನು ಎಂದು ನಿಷ್ಠುರವಾಗಿ ನೋಡಬೇಕು.

ಮೊದಲು ಚಿತ್ರದ ಗುಣ. ಬೆಳಕನ್ನು ಹಿಡಿಯುವ ಸೆನ್ಸರಿನ ಅಳತೆ ಟಿಜಿ-4ರಲ್ಲೂ ಟಿಜಿ-7ರಲ್ಲೂ ಒಂದೇ. ಅದನ್ನು '1/2.3 ಅಂಗುಲ' ಎಂದು ಕರೆಯುತ್ತಾರೆ. ಅಳತೆಪಟ್ಟಿ ಹಿಡಿದರೆ ಅದು ಕೇವಲ 6.17 ಮಿಲಿಮೀಟರ್ ಅಗಲ, 4.55 ಮಿಲಿಮೀಟರ್ ಎತ್ತರ. ಒಂದು ಕಡಲೆಬೇಳೆಯಷ್ಟು ಎನ್ನಬಹುದು. ಕರ್ಣ 8 ಮಿಲಿಮೀಟರ್ ಕೂಡ ಇಲ್ಲ, ಆದರೆ 1/2.3 ಅಂಗುಲವೆಂದರೆ 11 ಮಿಲಿಮೀಟರ್ ಆಗಬೇಕಲ್ಲವೇ? ಈ ಗೊಂದಲಕ್ಕೆ ಕಾರಣ ನಮ್ಮ ದೂರದರ್ಶನ ಕ್ಷೇತ್ರವೇ! ಹಿಂದಿನ ಟಿ.ವಿ. ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆಗಳಿದ್ದವು. ಅವುಗಳನ್ನು ಹೊರಗಿನ ವ್ಯಾಸದಿಂದ ಹೆಸರಿಸುತ್ತಿದ್ದರು. ಚಿತ್ರ ಮೂಡುವ ಭಾಗ ಅದಕ್ಕಿಂತ ಚಿಕ್ಕದು. ಕೊಳವೆಗಳು ಹೋದವು, ಹೆಸರಿಸುವ ರೂಢಿ ಉಳಿಯಿತು.

ಸೆನ್ಸರ್ ಅಷ್ಟೇ ಇರುವಾಗ ಬೀಳುವ ಬೆಳಕೂ ಅಷ್ಟೇ. ಎರಡರ ಮಸೂರದ ವ್ಯಾಪ್ತಿಯೂ ಒಂದೇ: 35 ಮಿಲಿಮೀಟರ್ ಫಿಲ್ಮಿನ ಲೆಕ್ಕದಲ್ಲಿ 25ರಿಂದ 100, ದ್ವಾರ ಎಫ್/2.0ರಿಂದ ಎಫ್/4.9. ವಿಚಿತ್ರವೆಂದರೆ ಟಿಜಿ-4ರಲ್ಲಿ 16 ಮೆಗಾಪಿಕ್ಸೆಲ್ ಇದ್ದದ್ದು ಟಿಜಿ-5ರಿಂದ ಮುಂದೆ 12ಕ್ಕೆ ಇಳಿಯಿತು. ಹೊಸದರಲ್ಲಿ ಸಂಖ್ಯೆ ಕಡಿಮೆಯಾಯಿತೆಂದು ಹಲವರು ಮೂಗು ಮುರಿದರು. ಆದರೆ ಅದೇ ಹೊಲವನ್ನು ಹದಿನಾರು ಪಾಲು ಮಾಡುವ ಬದಲು ಹನ್ನೆರಡು ಪಾಲು ಮಾಡಿದರೆ ಪ್ರತಿ ಪಾಲು ದೊಡ್ಡದಾಗುತ್ತದೆ. ಇಲ್ಲಿ ಒಂದೊಂದು ಪಿಕ್ಸೆಲ್ ಸುಮಾರು 1.34 ಮೈಕ್ರಾನಿನಿಂದ 1.54 ಮೈಕ್ರಾನಿಗೆ ಏರಿತು. ಮಂದ ಬೆಳಕಿನಲ್ಲಿ ಕಾಣುವ ಕಾಳುಕಾಳು ಸ್ವಲ್ಪ ತಗ್ಗುತ್ತದೆ. ಸ್ವಲ್ಪ ಎಂದೇ ಹೇಳುತ್ತೇನೆ. ರಾತ್ರಿಯನ್ನು ಹಗಲು ಮಾಡುವಷ್ಟಲ್ಲ. ಮುದ್ರಿಸಲು 12 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಕು. ಆಲ್ಬಮ್ಮಿಗೆ ಹಾಕುವ 4x6 ಅಂಗುಲದ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ ಬೇಕಾಗುವುದು 2.2 ಮೆಗಾಪಿಕ್ಸೆಲ್ ಮಾತ್ರ.

ಮಂದ ಬೆಳಕಿನ ಚಿತ್ರ ಚೆನ್ನಾಗಿ ಬರಲು ಹೊಸ ಕ್ಯಾಮೆರಾಕ್ಕಿಂತ ಹೆಚ್ಚು ಉಪಯೋಗವಾಗುವ ಎರಡು ಉಪಾಯಗಳಿವೆ, ಎರಡಕ್ಕೂ ಕಾಸು ಬೇಡ. ಒಂದು, ಜೂಮ್ ಮಾಡದಿರುವುದು. ಎಫ್/2.0ರಿಂದ ಎಫ್/4.9ಕ್ಕೆ ಹೋದರೆ ಬೆಳಕು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಜೂಮ್ ಬಿಟ್ಟು, ಕಪ್ಪೆಗೆ ತೊಂದರೆಯಾಗದ ಹಾಗೆ ಒಂದು ಹೆಜ್ಜೆ ಹತ್ತಿರ ಹೋಗಬೇಕು. ಎರಡು, ರಾ ಕಡತವನ್ನೂ ಉಳಿಸಿಕೊಳ್ಳುವುದು. ಜೆಪೆಗ್ ಚಿತ್ರವೆಂದರೆ ಹೋಟೆಲಿನ ಸಿದ್ಧ ಸಾಂಬಾರು. ಕಚ್ಚಾ ಕಡತವೆಂದರೆ ಹೆಚ್ಚಿಟ್ಟ ತರಕಾರಿ. ಟಿಜಿ ಸಾಲಿನಲ್ಲಿ ಈ ಸೌಲಭ್ಯ ಮೊದಲು ಬಂದದ್ದು ಟಿಜಿ-4ರಲ್ಲೇ. ಕಾಳುಕಾಳನ್ನು ತೆಗೆಯುವ ಕಂಪ್ಯೂಟರ್ ತಂತ್ರಾಂಶಗಳು ಈ ಹತ್ತು ವರ್ಷದಲ್ಲಿ ಬಹಳ ಮುಂದುವರಿದಿವೆ. ಹಳೆಯ ಕ್ಯಾಮೆರಾದ ಕಚ್ಚಾ ಕಡತವನ್ನು ಇಂದಿನ ತಂತ್ರಾಂಶದಲ್ಲಿ ತೆರೆದು ನೋಡಿ; ಕ್ಯಾಮೆರಾವೇ ಬದಲಾಯಿತೇನೋ ಎನಿಸುತ್ತದೆ.

ಸಣ್ಣ ಜೀವಿಗಳ ಚಿತ್ರಕ್ಕೂ ಹಳೆಯದೇ ಸಾಕು. ಒಂದು ಸೆಂಟಿಮೀಟರ್ ಸಮೀಪದಿಂದ ತೆಗೆಯುವ ಸೂಕ್ಷ್ಮದರ್ಶಕ ವ್ಯವಸ್ಥೆ, ಹಲವು ಫೋಕಸ್ಸಿನ ಚಿತ್ರಗಳನ್ನು ಕ್ಯಾಮೆರಾದೊಳಗೇ ಒಂದಾಗಿ ಜೋಡಿಸುವ ವ್ಯವಸ್ಥೆ, ಎರಡೂ 2014ರ ಟಿಜಿ-3ರಿಂದಲೇ ಇವೆ. ಮೊಟ್ಟೆ, ಅಣಬೆ, ಜೇಡ ತೆಗೆಯುವವರಿಗೆ ಈ ಸಾಲಿನ ನಿಜವಾದ ಆಕರ್ಷಣೆ ಇದೇ ಎಂಬುದು ನನ್ನ ಅಭಿಪ್ರಾಯ. ಬ್ಯಾಟರಿಯೂ ಸಮಸ್ಯೆಯಲ್ಲ. ಲಿಥಿಯಂ ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ, ನಿಜ. ಆದರೆ ಟಿಜಿ-4ಕ್ಕೂ ಟಿಜಿ-7ಕ್ಕೂ ಹಾಕುವುದು ಒಂದೇ ಮಾದರಿಯ ಬ್ಯಾಟರಿ. ಹೊಸದನ್ನು ತಂದರೆ ಆಯಿತು.

ಹಾಗಾದರೆ ಹೊಸದರಲ್ಲಿ ಏನೂ ಇಲ್ಲವೇ? ಇದೆ. ಮುಖ್ಯವಾಗಿ ಚಲನಚಿತ್ರ. ಟಿಜಿ-5ರಿಂದ ಮುಂದೆ 4ಕೆ ವಿಡಿಯೊ ಬಂತು; ಪೂರ್ಣ ಎಚ್‌ಡಿಯಲ್ಲಿ ಸೆಕೆಂಡಿಗೆ 120 ಚೌಕಟ್ಟು ಹಿಡಿದು, ಚಲನೆಯನ್ನು ನಿಧಾನ ಮಾಡಿ ನೋಡುವ ಸೌಲಭ್ಯ ಬಂತು. ಗುಂಡಿ ಒತ್ತುವುದಕ್ಕೆ ಅರ್ಧ ಸೆಕೆಂಡು ಮೊದಲಿನ ಚಿತ್ರಗಳನ್ನೂ ಉಳಿಸಿಕೊಡುವ ವ್ಯವಸ್ಥೆ ಬಂತು. ಪ್ರಾಣಿಗಳ ವರ್ತನೆ ಅಭ್ಯಾಸ ಮಾಡುವವರಿಗೆ ಇದು ಆಟಿಕೆಯಲ್ಲ. ಕಪ್ಪೆ ಕೈ ಎತ್ತಿದ್ದನ್ನು ಕಂಡು ನಾವು ಗುಂಡಿ ಒತ್ತುವಷ್ಟರಲ್ಲಿ ಅದು ಕೈ ಇಳಿಸಿರುತ್ತದೆ. ಮಸೂರದ ಮುಂದೆ ಮಂಜು ಕಟ್ಟದಂತೆ ಎರಡು ಪದರದ ಗಾಜು ಬಂತು. ಟಿಜಿ-6ರಲ್ಲಿ ಪರದೆ ಹೆಚ್ಚು ಸ್ಪಷ್ಟವಾಯಿತು. ಟಿಜಿ-7ರಲ್ಲಿ ಈಗಿನ ಫೋನ್‌ಗಳ ಮಾದರಿಯ ಯುಎಸ್‌ಬಿ-ಸಿ ತಂತಿ ಹಾಕಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹೊಸ ಕ್ಯಾಮೆರಾದೊಡನೆ ಹೊಸ ರಬ್ಬರು ಬರುತ್ತದೆ, ಕಾಣದಿರುವ ಎಡೆಗಳಲ್ಲಿಯೂ.

ಬೇರೆ ಕಂಪನಿಗಳ ಕಡೆ ತಿರುಗಿದರೆ ಆಯ್ಕೆ ಕಿರಿದಾಗಿದೆ. ನಿಕಾನ್‌ನ ಡಬ್ಲ್ಯು300 2017ರಲ್ಲಿ, ಪ್ಯಾನಸೋನಿಕ್‌ನ ಎಫ್‌ಟಿ7 2018ರಲ್ಲಿ, ಫ್ಯೂಜಿಫಿಲ್ಮ್‌ನ ಎಕ್ಸ್‌ಪಿ140 2019ರಲ್ಲಿ ಬಂದವು. ಅವುಗಳ ಉತ್ತರಾಧಿಕಾರಿಗಳು ಬರಲಿಲ್ಲ. ರಿಕೋ ಸಂಸ್ಥೆ 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಡಬ್ಲ್ಯುಜಿ-8 ತಂದಿತು. 1963ರಿಂದ 2001ರವರೆಗೆ ನೀರಿನಾಳದ ಚಿತ್ರಕಾರರ ಕೈಯಲ್ಲಿ ಮೆರೆದ ನಿಕೊನೊಸ್‌ನಂಥ ಫಿಲ್ಮ್ ಕ್ಯಾಮೆರಾಗಳ ಪರಂಪರೆ ಹೀಗೆ ಸೊರಗಲು ಕಾರಣ ನಿಮ್ಮ ಜೇಬಿನಲ್ಲೇ ಇದೆ. ಅದು ಮೊಬೈಲ್ ಫೋನು.

ಬೆಲೆಬಾಳುವ ಕೆಲವು ಫೋನ್‌ಗಳ ಸೆನ್ಸರ್ ಈ ಕ್ಯಾಮೆರಾಗಳದಕ್ಕಿಂತ ಎರಡೂವರೆ ಪಟ್ಟು ದೊಡ್ಡದು. ನೀರು ತಡೆಯುವ ಐಪಿ68 ಗುರುತೂ ಅವುಗಳಿಗಿದೆ. ಹಾಗಿದ್ದರೆ ಕ್ಯಾಮೆರಾ ಏಕೆ? ಐಪಿ68 ಎಂಬುದು ಪ್ರಯೋಗಶಾಲೆಯ ಶುದ್ಧ ನೀರಿನಲ್ಲಿ, ತಯಾರಕರು ಹೇಳಿದ ಆಳಕ್ಕೆ, ಹೇಳಿದ ಹೊತ್ತಿಗೆ ಮಾಡಿದ ಪರೀಕ್ಷೆ. ನೀರು ನುಗ್ಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಸ್ಪರ್ಶಪರದೆ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುತ್ತದೆ. ಅದರ ಮೇಲೆ ಮಳೆ ಬಿದ್ದರೆ ಹನಿ ಯಾವುದು, ಬೆರಳು ಯಾವುದು ಎಂದು ಅದಕ್ಕೆ ತಿಳಿಯದು. ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಫೋನಿನಲ್ಲಿ ನಿಮ್ಮ ಇಡೀ ಸಂಸಾರವಿದೆ. ಹಣ, ಟಿಕೆಟ್ಟು, ಮನೆಯವರ ನಂಬರು. ರಾತ್ರಿ ಜಾರುವ ಬಂಡೆಯ ಮೇಲೆ, ಕಾಲಿಗೆ ಇಂಬಳ ಹತ್ತುತ್ತಿರುವಾಗ, ಆ ಫೋನನ್ನು ಹಳ್ಳದ ನೀರಿನ ಮೇಲೆ ಚಾಚಿ ಹಿಡಿಯಲು ಕೈ ಬರುವುದಿಲ್ಲ. ಹಳೆಯ ಕ್ಯಾಮೆರಾವನ್ನು ಹಿಡಿಯಲು ಬರುತ್ತದೆ. ನಲವತ್ತೈದು ಸಾವಿರದ ಹೊಸ ಕ್ಯಾಮೆರಾ ಕೊಂಡು ಅದನ್ನು ಒದ್ದೆ ಮಾಡಲು ಹೆದರುವವರನ್ನೂ ನಾನು ಬಲ್ಲೆ.

ಬೆಲೆ ಉಳಿಸಲು ಬಳಸಿದ ಕ್ಯಾಮೆರಾ ಕೊಳ್ಳುವ ಯೋಚನೆಯೂ ಬರಬಹುದು. ಸಾಮಾನ್ಯ ಕ್ಯಾಮೆರಾವಾದರೆ ನಾನೇ ಪ್ರೋತ್ಸಾಹಿಸುತ್ತೇನೆ. ಜಲನಿರೋಧಕದ ವಿಷಯದಲ್ಲಿ ಬೇಡ ಎನ್ನುತ್ತೇನೆ. ಅದು ಎಷ್ಟು ಸಲ ಬಿದ್ದಿದೆ, ಉಪ್ಪುನೀರಿನಿಂದ ಬಂದ ಮೇಲೆ ತೊಳೆದಿದ್ದಾರೋ ಇಲ್ಲವೋ, ಯಾವ ಕಾರಿನ ಬಿಸಿಲಿನಲ್ಲಿ ಕುಳಿತಿತ್ತೋ, ಹೊರಮೈ ನೋಡಿ ಹೇಳಲಾಗದು.

ಕೊನೆಗೆ ನಮ್ಮ ಮನೆಯಲ್ಲಿ ಆದದ್ದು ಹೀಗೆ. ಹೊಸ ಬ್ಯಾಟರಿ ಎರಡು, ಹೊಸ ಕಾರ್ಡು ಒಂದು, ಕೈಗೆ ಕಟ್ಟುವ ತೇಲುವ ಪಟ್ಟಿ ಒಂದು ಕೊಂಡೆವು. ಮಳೆ ಮತ್ತು ಮೊಣಕಾಲುದ್ದ ನೀರು ಮಾತ್ರ, ಅದಕ್ಕಿಂತ ಆಳಕ್ಕೆ ಇಳಿಸಕೂಡದು ಎಂದು ಹಳೆಯ ಕ್ಯಾಮೆರಾಕ್ಕೆ ಒಂದು ಗಡಿ ಹಾಕಿದೆವು. ದಿನದ ಕೊನೆಗೆ, ಸೂರಿನ ಕೆಳಗೆ, ಒಣಗಿದ ಕೈಯಲ್ಲಿ ಮಾತ್ರ ಬಾಗಿಲು ತೆರೆಯಬೇಕು, ಅಂದಂದಿನ ಚಿತ್ರಗಳನ್ನು ಅಂದಂದೇ ಅಧ್ಯಾಪಕರ ಕಂಪ್ಯೂಟರಿಗೆ ಇಳಿಸಬೇಕು ಎಂದು ಅವಳಿಂದ ಮಾತು ತೆಗೆದುಕೊಂಡೆ. ಕ್ಯಾಮೆರಾ ಹೋದರೆ ಹೋಗಲಿ, ನಾಲ್ಕು ರಾತ್ರಿಯ ಕೆಲಸ ಹೋಗಬಾರದು.

ಹೋಗಿ ಬಂದಳು. ನಾಲ್ಕು ರಾತ್ರಿಯೂ ಬಿಡದೆ ಮಳೆ. ಕ್ಯಾಮೆರಾ ಒಣಗಿದ ಒಡಲಿನಲ್ಲೇ ಹಿಂದಿರುಗಿತು. ಕೆಸರು ಮೆತ್ತಿಸಿಕೊಂಡ ಮೊಟ್ಟೆಗಳ ಚಿತ್ರ ಬಹಳ ಸೊಗಸಾಗಿ ಬಂದಿತ್ತು. ಒಂದೊಂದು ಮೊಟ್ಟೆಯನ್ನೂ ಎಣಿಸಬಹುದಿತ್ತು. ಆದರೆ ಕಪ್ಪೆ ಕೆಸರು ಮೆತ್ತುವ ಆ ಕ್ಷಣ ಸಿಕ್ಕಿರಲಿಲ್ಲ. "ಒಂದೇ ಸಲ ಕಂಡಿತು ಮಾಮ, ಒತ್ತುವಷ್ಟರಲ್ಲಿ ಮುಗಿದೇ ಹೋಯ್ತು" ಎಂದಳು.

ಅವಳು ಮುಂದೆ ಎಂ.ಎಸ್ಸಿ.ಗೆ ಕಪ್ಪೆಗಳ ವರ್ತನೆಯನ್ನೇ ವಿಷಯವಾಗಿ ಆರಿಸಿಕೊಳ್ಳಬೇಕೆಂದಿದ್ದಾಳೆ. ಹಾಗೇನಾದರೂ ಆದರೆ ಅರ್ಧ ಸೆಕೆಂಡು ಹಿಂದಕ್ಕೆ ಹೋಗಿ ಚಿತ್ರ ಹಿಡಿಯುವ ಆ ಹೊಸ ಮಾದರಿಗೆ ಹಣ ಕೂಡಿಸಬೇಕಾಗುತ್ತದೆ. ತಂಗಿಗೆ ಇನ್ನೂ ಹೇಳಿಲ್ಲ.